ಹನ್ನೊಂದು ಹೆಸರಿನ ಬೆರಳು

ಜ್ವರ ಬರಲು ಇನ್ನು ಎರಡು ಗಂಟೆಯಿತ್ತು. ಮೊನ್ನೆ ಹನ್ನೊಂದೂವರೆಗೆ ಬಂದಿತ್ತು, ಅದರ ಹಿಂದಿನ ಸಲವೂ ಹನ್ನೊಂದೂವರೆಗೇ. ನಡುವೆ ಒಂದು ದಿನ ಏನೂ ಆಗಿಲ್ಲವೆಂಬಂತೆ ಊಟ ಮಾಡಿಸಿ, ಓಡಾಡಿಸಿ, ಮರುದಿನ ಹೊತ್ತಿಗೆ ಸರಿಯಾಗಿ ಬಂದು ಕುತ್ತಿಗೆಪಟ್ಟಿ ಹಿಡಿಯುವ ಇಂಥ ಶಿಸ್ತು ತನ್ನ ಇಲಾಖೆಯಲ್ಲಿ ಒಬ್ಬರಿಗಾದರೂ ಇದೆಯೇ ಎಂದುಕೊಳ್ಳುತ್ತ ಕಮಲಾಕರ ಸೊರಬದ ಬಸ್ ನಿಲ್ದಾಣದೆದುರಿನ ಹೋಟೆಲಿನಲ್ಲಿ ಚಹಾದ ಲೋಟವನ್ನು ಎರಡೂ ಅಂಗೈಯಿಂದ ಅಮುಕಿ ಹಿಡಿದು ಕೂತಿದ್ದ. ಹದಿನಾಲ್ಕು ವರ್ಷದಿಂದ ಅವನು ಆರೋಗ್ಯ ನಿರೀಕ್ಷಕ. ಶಾಲೆ ಶಾಲೆಗೆ ಹೋಗಿ ಗೋಡೆಗೆ ಮಲೇರಿಯಾದ ಚಾರ್ಟು ತೂಗುಹಾಕಿ, ಮೊದಲು ಚಳಿ, ಆಮೇಲೆ ಸುಡುವ ಜ್ವರ, ಆಮೇಲೆ ಬೆವರು, ಮತ್ತೆ ದಿನ ಬಿಟ್ಟು ದಿನ ಎಂದು ಮಕ್ಕಳ ಬಾಯಿಂದ ರಾಗವಾಗಿ ಹೇಳಿಸಿದವನು. ಆಗ ಹೇಳಿದ್ದೆಲ್ಲ ಅಕ್ಷರಶಃ ನಿಜವಾಗಿತ್ತು ಎಂಬುದು ಈ ಹತ್ತು ದಿನಗಳಲ್ಲಿ ಅವನಿಗೆ ಗೊತ್ತಾಗಿ, ಒಂದು ಬಗೆಯ ಸಂಕೋಚವೇ ಆಗಿತ್ತು. ಬೆಳಿಗ್ಗೆ ಹೆಂಡತಿ ಗಂಗಾಶ್ರೀ ಬಾಗಿಲಲ್ಲಿ ಅಡ್ಡ ನಿಂತಿದ್ದಳು. "ಇಂಥ ಬಿಸಿಲಲ್ಲಿ ಸ್ವೆಟರ್ ಹಾಕ್ಕಂಡು ಹೊರಟ್ರಲ್ಲ, ರಕ್ತ ತೋರಿಸ್ಕಳಿ ಅಂದ್ರೆ ಕೇಳಲ್ಲ. ಊರವರ ಬೆರಳೆಲ್ಲ ಚುಚ್ಚೋರಿಗೆ ತಮ್ಮ ಬೆರಳು ಅಂದ್ರೆ ಎಷ್ಟು ಪ್ರೀತಿ ನೋಡು!" ಅವನು ನಕ್ಕಿದ್ದ. ಈ ಮಾತಿಗೆ ನಗದೆ ಬೇರೇನು ಮಾಡುವುದೆಂದು ಅವನಿಗೆ ತೋಚಲಿಲ್ಲ.

ಬೈಕಿನ ಪಕ್ಕದ ಚೀಲದಲ್ಲಿ ಹನ್ನೊಂದು ಜನರ ಮಾತ್ರೆಗಳು ಹನ್ನೊಂದು ಪೊಟ್ಟಣಗಳಲ್ಲಿದ್ದವು. ಪ್ರತಿ ಪೊಟ್ಟಣದ ಮೇಲೂ ಒಂದೊಂದು ಹೆಸರು. ಹನ್ನೊಂದೂ ಅವನದೇ ಕೈಬರಹ, ಮತ್ತು ಅವನೊಬ್ಬನಿಗೆ ಮಾತ್ರ ಗೊತ್ತಿದ್ದಂತೆ, ಹನ್ನೊಂದೂ ಅವನದೇ ರೋಗ. ಅಷ್ಟು ಮದ್ದನ್ನು ತೊಡೆಗೆ ತಾಗಿಸಿಕೊಂಡು ಹೋಗುತ್ತಿದ್ದರೂ ಅದರಲ್ಲಿ ಒಂದು ಮಾತ್ರೆಯೂ ಅವನ ಹೆಸರಿನಲ್ಲಿರಲಿಲ್ಲ. ಒಂದು ಕಡಿಮೆಯಾದರೂ ಮೊಬೈಲಿನ ಆಪ್ ಕೆಂಪಗಾಗುತ್ತದೆ. ತಾನೂ ರಕ್ತ ಕೊಟ್ಟು ರೋಗಿಗಳ ಪಟ್ಟಿಗೆ ಸೇರೋಣವೆಂದರೆ, ನಿನಗೆ ಎಲ್ಲಿಂದ ಬಂತು, ಯಾವಾಗ ಬಂತು ಎಂಬ ಪ್ರಶ್ನೆ ಏಳುತ್ತದೆ. ಆ ದಾರವನ್ನು ಯಾರಾದರೂ ಎಳೆದರೆ ಉಳಿದ ಹನ್ನೊಂದೂ ಬಿಚ್ಚಿಕೊಳ್ಳುತ್ತವೆ. ನಾಳೆ ನೋಡೋಣ ಎಂದು ಅವನು ಪ್ರತಿದಿನವೂ ಹೇಳಿಕೊಂಡಿದ್ದ. ಜ್ವರವಿಲ್ಲದ ದಿನ ಆ ಮಾತು ವಿವೇಕದಂತೆಯೂ ಜ್ವರದ ದಿನ ಹೇಡಿತನದಂತೆಯೂ ಕೇಳಿಸುತ್ತಿತ್ತು.

ಶಿರಾಳಕೊಪ್ಪ ದಾಟುವಾಗ ಎಡಗೈಯ ಉಂಗುರ ಬೆರಳು ಕ್ಲಚ್ಚಿನ ಮೇಲೆ ಮರಗಟ್ಟಿದಂತಿತ್ತು. ಆ ಬೆರಳ ತುದಿಯ ಚರ್ಮ ದರ್ಜಿಯ ಬೆರಳಿನಂತೆ ದಪ್ಪಗಾಗಿದೆ. ಅದರ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವನು ಪ್ರಾಮಾಣಿಕವಾಗಿ ಮನೆ ಮನೆ ಸುತ್ತಿದ್ದ. ಜ್ವರ ಬಂದವರು ರಕ್ತ ಕೊಡುತ್ತಿರಲಿಲ್ಲ, ಜ್ವರ ಬಾರದವರು ಬಾಗಿಲೇ ತೆರೆಯುತ್ತಿರಲಿಲ್ಲ. ತಿಂಗಳಿಗೆ ರಕ್ತ ಹಚ್ಚಿದ ಇಷ್ಟು ಗಾಜಿನ ಪಟ್ಟಿ ಆಗಲೇಬೇಕೆಂದು ಮೇಲಿನವರ ಆದೇಶ. ಆಗ ಹಿರಿಯ ನಿರೀಕ್ಷಕ ಹುಚ್ಚರಾಯಪ್ಪನವರು ಅವನನ್ನು ಕೆರೆ ಏರಿಯ ಮೇಲೆ ಕೂರಿಸಿಕೊಂಡು, ಎಲೆ ಅಡಿಕೆ ಹಾಕಿಕೊಳ್ಳುವಷ್ಟೇ ಸಲೀಸಾಗಿ ತಮ್ಮ ಬೆರಳು ಚುಚ್ಚಿ, ಹಿಂಡಿ, ಒಂದಾದ ಮೇಲೊಂದು ಪಟ್ಟಿಗೆ ತೊಟ್ಟು ಹಚ್ಚಿ ತೋರಿಸಿದ್ದರು. "ನಿನ್ನ ಬೆರಳಲ್ಲಿ ರಕ್ತ ಇಲ್ಲೇನಪ್ಪಾ? ಅದನ್ನ ಹುಡುಕ್ಕಂಡು ಊರೆಲ್ಲ ಯಾಕೆ ತಿರುಗ್ತೀಯ?" ಅದು ಸುಳ್ಳೆಂದು ಕಮಲಾಕರನಿಗೆ ಅನ್ನಿಸಿದ್ದು ಒಂದೆರಡು ತಿಂಗಳು ಮಾತ್ರ. ಇಲ್ಲದ ರೋಗವನ್ನು ಇಲ್ಲ ಎಂದು ಬರೆಯುವುದರಲ್ಲಿ ಸುಳ್ಳು ಎಲ್ಲಿದೆ? ರಕ್ತ ಯಾರದಾದರೇನು, ಫಲಿತಾಂಶ ನಿಜವಾಗಿತ್ತಲ್ಲ. ಅಲ್ಲದೆ ಅವನು ಬೇಜವಾಬ್ದಾರಿಯವನೂ ಆಗಿರಲಿಲ್ಲ. ಸತ್ತವರ ಹೆಸರು ಬರೆಯುತ್ತಿರಲಿಲ್ಲ, ಒಂದೇ ಹೆಸರನ್ನು ಒಂದೇ ವರ್ಷ ಎರಡು ಸಲ ಬರೆಯುತ್ತಿರಲಿಲ್ಲ. ಹೆಚ್ಚಾಗಿ ಉಡುತಡಿಯಿಂದ ಒಳಕ್ಕೆ, ಕೆರೆಯ ಆಚೆ ಇರುವ ಕುರಿಗಾರರ ಹಟ್ಟಿಯ ಹೆಸರುಗಳನ್ನೇ ಆರಿಸಿಕೊಳ್ಳುತ್ತಿದ್ದ. ಅವರು ವರ್ಷದಲ್ಲಿ ಆರು ತಿಂಗಳು ಮಂದೆಯ ಹಿಂದೆ ಊರು ಬಿಟ್ಟಿರುತ್ತಾರೆ, ನಾವು ರಕ್ತ ಕೊಟ್ಟೇ ಇಲ್ಲ ಎಂದು ಬಂದು ಹೇಳುವವರಲ್ಲ. ಈ ಲೆಕ್ಕಾಚಾರವನ್ನು ಅವನು ಎಂದೂ ಮನಸ್ಸಿನಲ್ಲಿ ಪೂರ್ತಿ ವಾಕ್ಯವಾಗಿ ಹೇಳಿಕೊಂಡಿರಲಿಲ್ಲ.

ಹೋದ ತಿಂಗಳ ಕೊನೆಯ ದಿನವೂ ಅದೇ ಏರಿ, ಅದೇ ಬೆರಳು, ಹನ್ನೊಂದು ಗಾಜಿನ ಪಟ್ಟಿ. ಮೈ ಸ್ವಲ್ಪ ನೋಯುತ್ತಿತ್ತು, ಬೈಕಿನ ದಣಿವಿರಬೇಕೆಂದುಕೊಂಡಿದ್ದ. ಮೂರು ದಿನದ ಮೇಲೆ ಪ್ರಯೋಗಾಲಯದಿಂದ ಫೋನು ಬಂತು. ಹೊಸದಾಗಿ ಬಂದ ಟೆಕ್ನಿಶಿಯನ್ ಹುಡುಗಿ ಸಮೀಕ್ಷಾ. ಅವಳಲ್ಲಿ ಒಂದೇ ದೋಷವಿತ್ತು, ಕಳಿಸಿದ ಗಾಜಿನ ಪಟ್ಟಿಗಳನ್ನು ಅವಳು ನಿಜವಾಗಿಯೂ ನೋಡುತ್ತಿದ್ದಳು. "ಸರ್, ಹನ್ನೊಂದಕ್ಕೆ ಹನ್ನೊಂದೂ ಪಾಸಿಟಿವ್! ಪುಸ್ತಕದಲ್ಲಿ ಬಿಟ್ರೆ ನಾನು ನೋಡೇ ಇರ್ಲಿಲ್ಲ ಸರ್, ಎಷ್ಟ್ ಚೆಂದ ಕಾಣ್ತಿದೆ ಗೊತ್ತಾ!" ಎಂದು ಅವಳು ಮೊದಲ ಸಲ ನವಿಲು ಕಂಡವಳ ದನಿಯಲ್ಲಿ ಹೇಳುತ್ತಿದ್ದಾಗ ಕಮಲಾಕರನಿಗೆ ನೆನಪಾದದ್ದು ಮಂಗಳೂರು. ಹೆಂಡತಿಯ ಚಿಕ್ಕಪ್ಪನ ಮಗಳ ಮನೆಗೆ ಹೋದ ತಿಂಗಳ ಮೊದಲಲ್ಲಿ ಹೋಗಿದ್ದ. ಪಕ್ಕದಲ್ಲಿ ಅರ್ಧ ಎದ್ದ ಕಟ್ಟಡ, ಅದರ ತಳದಲ್ಲಿ ನಿಂತ ನೀರು. ಸಂಜೆ ಬಾಲ್ಕನಿಯಲ್ಲಿ ನಿಂತು ಅವನು ನೆಂಟರಿಗೆಲ್ಲ ಆ ನೀರನ್ನು ಬೊಟ್ಟು ಮಾಡಿ ತೋರಿಸಿ, ಸೊಳ್ಳೆ ಎಲ್ಲಿ ಮೊಟ್ಟೆಯಿಡುತ್ತದೆ, ಎಷ್ಟು ದಿನಕ್ಕೆ ರೆಕ್ಕೆ ಬರುತ್ತದೆ, ಯಾವ ಹೊತ್ತಿನಲ್ಲಿ ಕಚ್ಚುತ್ತದೆ ಎಂದು ಮುಕ್ಕಾಲು ಗಂಟೆ ವಿವರಿಸಿದ್ದ. ಆಗಲೇ ಕಚ್ಚಿರಬೇಕು.

ಸುದ್ದಿ ಕೇಳಿ ಆರೋಗ್ಯ ಕೇಂದ್ರದ ಡಾಕ್ಟರ್ ಮಧುಸೂದನ ಮೊದಲ ಹತ್ತು ನಿಮಿಷ ತಲೆಯ ಮೇಲೆ ಕೈ ಹೊತ್ತು ಕೂತರು. ಮೂರು ವರ್ಷದಿಂದ ಒಂದೂ ಪ್ರಕರಣವಿಲ್ಲವೆಂದು ಮುಂದಿನ ತಿಂಗಳು ಪ್ರಶಸ್ತಿಪತ್ರ ಬರುವುದಿತ್ತು, ಬ್ಯಾನರು ಆಗಲೇ ಅಚ್ಚಾಗಿ ಬೀರುವಿನ ಮೇಲೆ ಸುರುಳಿಯಾಗಿತ್ತು. ಹನ್ನೊಂದನೆಯ ನಿಮಿಷಕ್ಕೆ ಅವರ ಮುಖ ಬೆಳಗಿತು. "ಅಲ್ಲಾ ಕಮಲಾಕರ್, ಪತ್ತೆ ಹಚ್ಚಿದ್ದು ಯಾರು? ನಾವೇ ತಾನೆ? ಒಬ್ಬ ಪೇಷಂಟೂ ಆಸ್ಪತ್ರೆಗೆ ಬರೋಕೆ ಮುಂಚೆ! ಇದನ್ನೇ ಕಣ್ರೀ ಕಣ್ಗಾವಲು ಅನ್ನೋದು." ಆಮೇಲೆ, ರೋಗ ತಂದವರು ಯಾರು ಎಂಬ ಪ್ರಶ್ನೆ. "ಕುರಿಯೋರು ರೀ. ಎಲ್ಲೆಲ್ಲೋ ತಿರುಗ್ತಾರೆ, ಎಲ್ಲೆಲ್ಲೋ ಮಲಗ್ತಾರೆ. ಅವರೇ ತಾನೆ?" ಕಮಲಾಕರ, "ಇರಬಹುದು ಸಾರ್" ಎಂದಿದ್ದ. ಬೆಳಿಗ್ಗೆ ಅವನ ಬಾಯಲ್ಲಿ 'ಇರಬಹುದು' ಆಗಿದ್ದದ್ದು ಮಧ್ಯಾಹ್ನದ ವರದಿಯಲ್ಲಿ 'ದೃಢಪಟ್ಟಿದೆ' ಎಂದಾಗಿ, ಸಂಜೆಗೆ ವಾಟ್ಸಾಪಿನಲ್ಲಿ ಉಡುತಡಿಯ ಸುತ್ತಮುತ್ತ ಎಲ್ಲರ ಕೈಗೂ ತಲುಪಿತ್ತು. ಹೊಲದಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರವಾಗುತ್ತದೆಂದು ಬಾ ಬಾ ಎಂದು ಕರೆದಿದ್ದ ವೀರೇಶ, ಹಟ್ಟಿಯವರೆಲ್ಲ ಮಾತ್ರೆ ನುಂಗಿ ಮುಗಿಸುವ ತನಕ ಒಂದು ಕುರಿಯೂ ತನ್ನ ಬದು ದಾಟಕೂಡದು ಎಂದುಬಿಟ್ಟನಂತೆ. ಕೆರೆಗೆ ನೀರಿಗೂ ಬಿಡುತ್ತಿಲ್ಲವಂತೆ. ಆಶಾ ಕಾರ್ಯಕರ್ತೆ ಜಗದಾಂಬ ಫೋನಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಕಮಲಾಕರ ಹೂಂಗುಟ್ಟುತ್ತ, ಮಾತ್ರೆ ನುಂಗಿದರೆ ಯಾರೂ ಸಾಯುವುದಿಲ್ಲ, ಹದಿನಾಲ್ಕು ದಿನ ಕಳೆದರೆ ಎಲ್ಲ ಮುಗಿಯುತ್ತದೆ, ಮರುಪರೀಕ್ಷೆಯಲ್ಲಿ ಹನ್ನೊಂದು ಜನಕ್ಕೂ ಗುಣವಾಗಿಯೇ ಇರುತ್ತದೆ ಎಂದು ಯೋಚಿಸಿದ್ದ. ಅಷ್ಟು ಖಂಡಿತವಾಗಿ ಗುಣವಾಗುವ ರೋಗಿಗಳು ಯಾವ ವೈದ್ಯನಿಗೂ ಸಿಕ್ಕಿರಲಾರರು.

ಹಟ್ಟಿಗೆ ತಲುಪಿದಾಗ ಹನ್ನೊಂದು ಹತ್ತು. ಹೊಂಗೆ ಮರದ ಕೆಳಗೆ ಜಗದಾಂಬ ಜನರನ್ನು ಸಾಲಾಗಿ ಕೂರಿಸಿದ್ದಳು, ಸ್ಟೀಲಿನ ಕೊಡದಲ್ಲಿ ನೀರು, ಅದರ ಮೇಲೆ ಲೋಟ. ಕೆರೆಯಾಚೆ ಕುರಿಗಳು ಒಂದಕ್ಕೊಂದು ಅಂಟಿಕೊಂಡು ನಿಂತು ಅರಚುತ್ತಿದ್ದವು. ಇಪ್ಪತ್ತು ಮಾರು ದೂರದಲ್ಲಿ ವೀರೇಶ ಬೈಕಿನ ಮೇಲೆ ಕೂತು, ಮೂಗು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಕಾಯುತ್ತಿದ್ದ. ಸೊಳ್ಳೆ ಬಟ್ಟೆಗೆ ಹೆದರುವುದಿಲ್ಲವೆಂದು ಹೇಳಬೇಕೆನ್ನಿಸಿತು ಕಮಲಾಕರನಿಗೆ. ಚಾರ್ಟಿನಲ್ಲಿ ಅದೂ ಇದೆ. ಅವನು ಸಾಲಿನ ಮುಖಗಳನ್ನು ನೋಡಿದ. ಅವನ ಕೈಬರಹದಲ್ಲಿ ಇಷ್ಟು ವರ್ಷ ಇದ್ದವರು ಹೀಗೆ ಮುಖ, ಮೀಸೆ, ಬೆವರು ಇಟ್ಟುಕೊಂಡು ಎದುರು ಕೂತಿದ್ದು ಅವನಿಗೆ ಸ್ವಲ್ಪ ಅತಿಯೆನ್ನಿಸಿತು. ಎಲ್ಲರಿಗಿಂತ ಮುಂದೆ ಚಿಕ್ಕಬೀರಪ್ಪ, ಹಟ್ಟಿಗೆ ಹಿರಿಯ, ಮಡಿಸಿದ ಕಂಬಳಿ ಹೆಗಲ ಮೇಲೆ. ಅವನ ಪಕ್ಕ ಹೆಂಡತಿ ತಾಯಮ್ಮ. ಅವಳ ಬೆನ್ನಿಗೆ ಮರೆಯಾದಂತೆ ಸೊಸೆ ಮಮತಾ.

"ನಮಸ್ಕಾರ ಸಾಹೇಬ್ರೆ," ಎಂದ ಚಿಕ್ಕಬೀರಪ್ಪ. "ಒಂದ್ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮಗ ಯಾರಿಗೂ ಜ್ವರಾನ ಇಲ್ಲಲ್ರೀ?"

"ಒಳಗಿರುತ್ತೆ. ಹೊರಗೆ ಗೊತ್ತಾಗಲ್ಲ."

"ಅದಿರ್ಲಿ. ರಕ್ತ ಯಾವಾಗ ತಗೊಂಡ್ರಿ ನೀವು?"

"ಹೋದ ತಿಂಗಳು."

"ಹೋದ ತಿಂಗಳು ನಾವು ಆನವಟ್ಟಿ ಕಡೆ ಇದ್ವಿ."

ಜಗದಾಂಬ ನಡುವೆ ಬಾಯಿ ಹಾಕಿದಳು. "ಅಜ್ಜಾ, ಹಂಗೆಲ್ಲ ಕೇಳಬಾರ್ದು. ಸರ್ಕಾರದ ಪಟ್ಟಿಯಾಗ ನಿನ್ನ ಹೆಸರೈತಿ, ವಯಸ್ಸೈತಿ, ನಿನ್ನ ಹೆಂಡ್ತಿ ಹೆಸರೂ ಐತಿ."

ತಾಯಮ್ಮ ಗಂಡನ ಕೈ ತಿರುಗಿಸಿ ಬೆರಳುಗಳನ್ನು ಒಂದೊಂದಾಗಿ ನೋಡಿ ಹೇಳಿದಳು, "ನಿದ್ದಿಗಣ್ಣಾಗ ಬಂದು ತಗೊಂಡ್ ಹೋದ್ರೇನ್ರೀ, ಸೊಳ್ಳಿ ಹಂಗ?"

ಸಾಲೆಲ್ಲ ನಕ್ಕಿತು. ಕಮಲಾಕರನೂ ನಕ್ಕ, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚಿಗೆ. ದೂರದಿಂದ ವೀರೇಶ, "ನಗೋದು ಆಮೇಲೆ, ಮೊದ್ಲು ನುಂಗ್ರೋ!" ಎಂದು ಕೂಗಿದ. ನಗು ನಿಂತಿತು. ಚಿಕ್ಕಬೀರಪ್ಪ ಕೆರೆಯಾಚೆಗೆ, ಮಗ ಹರೀಶ ತಡೆದು ನಿಲ್ಲಿಸಿಕೊಂಡಿದ್ದ ಮಂದೆಯ ಕಡೆಗೆ ಒಮ್ಮೆ ನೋಡಿ, ಅಂಗೈ ಚಾಚಿದ. ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದು, ನುಂಗಿದ್ದಕ್ಕೆ ಸಾಕ್ಷಿಯಾಗಿ ಬಾಯಿ ಅಗಲಿಸಿ ತೋರಿಸಿದ. ಜಗದಾಂಬ ಫೋಟೋ ತೆಗೆದಳು. ಆಪ್ ಹಸಿರಾಯಿತು. ಅರುವತ್ತೈದು ದಾಟಿದವನ ತೆರೆದ ಬಾಯಿ, ನಾಲ್ಕು ಹಲ್ಲು, ಬಿಳಿಚಿದ ನಾಲಗೆ. ಅದನ್ನು ನೋಡದಿರಲು ಕಮಲಾಕರ ಹೆಸರುಗಳ ಪಟ್ಟಿಯತ್ತ ಬಗ್ಗಿ, ನಿಯಮದ ಪ್ರಕಾರ ಕೇಳಬೇಕಾದ್ದನ್ನು ಕೇಳಿದ. "ಗರ್ಭಿಣಿಯರು ಯಾರಾದರೂ ಇದೀರಾ? ಈ ಕಂದು ಮಾತ್ರೆ ಅವರು ತಗೊಳ್ಳೋ ಹಾಗಿಲ್ಲ."

ಅವನಿಗೆ ಗೊತ್ತಿರಬೇಕಿತ್ತು. ಮಾವ, ಮೈದುನರು, ಊರ ಗಂಡಸರೆಲ್ಲ ಕೂತ ಸಾಲಿನಲ್ಲಿ ಯಾವ ಹೆಂಗಸು ಕೈಯೆತ್ತಿ ಹೌದೆನ್ನುತ್ತಾಳೆ? ಒಂದು ಬಸಿರು ಇಳಿದುಹೋದ ಮನೆಯಲ್ಲಿ ಎರಡನೆಯದನ್ನು ಐದು ತಿಂಗಳಾಗಿ ತಾನಾಗಿ ಕಾಣುವ ತನಕ ಯಾರೂ ಬಾಯಿಬಿಡುವುದಿಲ್ಲ, ಆಶಾ ಪುಸ್ತಕಕ್ಕೂ ಬರೆಸುವುದಿಲ್ಲ. ತಾಯಮ್ಮನ ಕಣ್ಣು ಮಾತ್ರ ಅರೆಗಳಿಗೆ ಸೊಸೆಯ ಕಡೆ ಹೋಗಿ ವಾಪಸಾಯಿತು. ಮಮತಾ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಅಷ್ಟೇ. ಕಮಲಾಕರ ಅದನ್ನು ನೋಡಿದ, ಮತ್ತು ನೋಡಿದ್ದನ್ನು ಯಾರೂ ಗಮನಿಸಲಿಲ್ಲವೆಂಬುದನ್ನೂ ನೋಡಿದ. ಎರಡು ವರ್ಷದ ಹಿಂದೆ, ಮದುವೆಯಾಗಿ ಹೊಸದಾಗಿ ಪಡಿತರ ಚೀಟಿಗೆ ಸೇರಿದ ಆ ಹೆಸರು, ಚಿಕ್ಕದಾಗಿದೆ, ಬರೆಯಲು ಸುಲಭ ಎಂದು ಅವನು ಆರಿಸಿಕೊಂಡಿದ್ದು ನೆನಪಾಯಿತು. ಈಗಲೂ ದಾರಿಯಿತ್ತು. ಇವಳಿಗೆ ಅಲರ್ಜಿ ಇದ್ದಂತಿದೆ, ಇವಳದು ನಾಳೆ ನೋಡೋಣ ಎನ್ನಬಹುದು. ಹನ್ನೊಂದು ಸುಳ್ಳಿನ ಜೊತೆಗೆ ಹನ್ನೆರಡನೆಯದು, ಅದೂ ಪರೋಪಕಾರದ್ದು. ಅವನು ಬಾಯಿ ತೆರೆದ. ಅಷ್ಟರಲ್ಲಿ ಹಲ್ಲುಗಳು ಒಂದಕ್ಕೊಂದು ಬಡಿದವು. ಗಡಿಯಾರ ನೋಡುವ ಅಗತ್ಯವಿರಲಿಲ್ಲ.

ಚಳಿ ಪಾದದಿಂದಲ್ಲ, ಬೆನ್ನುಹುರಿಯ ನಡುವಿನಿಂದ ಹೊರಡುತ್ತದೆ ಎಂಬುದು ಚಾರ್ಟಿನಲ್ಲಿ ಇರಲಿಲ್ಲ. ಸುಡುವ ಬಿಸಿಲಿನಲ್ಲಿ, ಸ್ವೆಟರಿನೊಳಗೆ, ಅವನು ಕೂತ ಕುರ್ಚಿ ಕಟಕಟ ಸದ್ದು ಮಾಡತೊಡಗಿತು. ಪಟ್ಟಿ ಕೈಯಿಂದ ಜಾರಿತು. ಯಾರೋ "ಅಯ್ಯಯ್ಯೋ" ಎಂದರು. ಮರುಕ್ಷಣ ಕುರಿ ಮತ್ತು ಒಲೆಯ ಹೊಗೆಯ ವಾಸನೆಯ ಭಾರವಾದ ಕಂಬಳಿಯೊಂದು ಅವನನ್ನು ತಲೆಯಿಂದ ಮುಚ್ಚಿತು, ಎರಡು ಒರಟು ಕೈಗಳು ಅದನ್ನು ಮೈಗೆ ಒತ್ತಿ ಹಿಡಿದವು. "ಚಳಿಜ್ವರ," ಎಂದು ಚಿಕ್ಕಬೀರಪ್ಪನ ದನಿ ಕಿವಿಯ ಹತ್ತಿರವೇ ಕೇಳಿಸಿತು. "ನಮ್ಮವ್ವ ಹಿಂಗ ನಡುಗತಿದ್ಲು. ನಾನು ಹುಡುಗ ಇದ್ದಾಗ. ಅಷ್ಟ್ ವರ್ಷದ ಮ್ಯಾಲೆ ಇವತ್ತು ನೋಡ್ತಿರೋದು."

"ನಮ್ಮದ ಹತ್ತಿಕೊಂಡೈತಿ ಪುಣ್ಯಾತ್ಮಗ!" ತಾಯಮ್ಮ ಎದೆಗೆ ಕೈ ಹಚ್ಚಿಕೊಂಡಳು. "ನಮ್ಮ ಹಟ್ಟಿಗೆ ತಿರುಗಿ ತಿರುಗಿ ಹತ್ತಿಸ್ಕೊಂಡಾನ. ನಾವು ನಕ್ವಲ್ಲೇ, ಸೊಳ್ಳಿ ಅಂದ್ನಲ್ಲೇ ನಾನು!"

ಜಗದಾಂಬ ಆಗಲೇ ಫೋನಿನಲ್ಲಿದ್ದಳು. "ಸಾರ್, ನಮ್ಮ ಸಾರ್‌ಗೂ ಬಂದುಬಿಡ್ತು ಸಾರ್. ಹೌದು ಸಾರ್, ಡ್ಯೂಟಿ ಮ್ಯಾಲೇನೇ." ಡಾಕ್ಟರ ದನಿ ಸ್ಪೀಕರಿನಲ್ಲಿ ಬಂತು, ಕಳವಳದಿಂದ, ಆದರೆ ಕಳವಳದ ಅಡಿಯಲ್ಲಿ ಏನೋ ಒಂದು ಉತ್ಸಾಹದಿಂದ. "ಒಂದು ಫೋಟೋ ತೆಗೀರಿ ಜಗದಾಂಬಾ. ಆ ಕಂಬಳಿ ಹೊದ್ದುಕೊಂಡಿರೋದೇ ಇರಲಿ. ಇಂಥವರ ಬಗ್ಗೆ ಜನಕ್ಕೆ ಗೊತ್ತಾಗಬೇಕು."

ಕಂಬಳಿಯ ಸಂದಿಯಿಂದ ಕಮಲಾಕರನಿಗೆ ಜಗತ್ತಿನ ಒಂದು ಉದ್ದನೆಯ ಪಟ್ಟಿ ಮಾತ್ರ ಕಾಣುತ್ತಿತ್ತು. ತಾನು ಹುತಾತ್ಮನಾಗುತ್ತಿದ್ದೇನೆಂಬುದು ಅವನಿಗೆ ನಿಧಾನವಾಗಿ ಅರ್ಥವಾಯಿತು. ಸುಮ್ಮನೆ ನಡುಗುತ್ತ ಕೂತರೆ ಸಾಕು, ಎಲ್ಲ ತಾನೇ ಸರಿಹೋಗುತ್ತದೆ. ಮಾತ್ರೆಯೂ ಸಿಗುತ್ತದೆ, ಕಾರಣವೂ ಸಿಗುತ್ತದೆ, ಬಹುಶಃ ಸನ್ಮಾನದ ಶಾಲೂ. ಎಲ್ಲಿಂದ ಬಂತೆಂದು ಇನ್ನು ಯಾರೂ ಕೇಳಲಾರರು. ಆ ನೆಮ್ಮದಿ ಎಷ್ಟು ಬೆಚ್ಚಗಿತ್ತೆಂದರೆ ಅದೂ ಜ್ವರದ ಒಂದು ಹಂತವೇ ಇರಬೇಕು. ಆಗ ಆ ಸಂದಿಯೊಳಗೆ ಮಮತಾ ಬಂದಳು. ಅವಳ ಕಣ್ಣು ಅವನ ಮೇಲಿತ್ತು, ಕಣ್ಣಲ್ಲಿ ನೀರಿತ್ತು. ಇಷ್ಟು ಹೊತ್ತು ಹಿಂಜರಿಯುತ್ತಿದ್ದವಳು ಈಗ ತಾನಾಗಿ ಪೊಟ್ಟಣ ಬಿಚ್ಚಿ ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡಿದ್ದಳು. ತಾಯಮ್ಮ ಅವಳ ಮೊಣಕೈ ಹಿಡಿದಳು, ಬಿಟ್ಟಳು. "ಇಷ್ಟ್ ಮಾಡ್ಯಾರ ನಮಗೋಸ್ಕರ, ನುಂಗ್ತೀನಿ ಬಿಡ್ರಿ ಅತ್ತಿ," ಎಂದಳು ಮಮತಾ, ಸಣ್ಣ ದನಿಯಲ್ಲಿ. ಕೈ ಮೇಲೆದ್ದಿತು.

"ನುಂಗಬೇಡ!"

ಕುರ್ಚಿ ಉರುಳಿತು. ಕಂಬಳಿಯ ಸಮೇತ ಬಿದ್ದವನು ಅವಳ ಕೈಗೆ ಕೈ ಹಾಕಿದ. ಕಂದು ಮಾತ್ರೆ ಮಣ್ಣಿನಲ್ಲಿ ಉರುಳಿತು. "ನುಂಗಬೇಡಮ್ಮಾ. ಅದು ನಿನ್ನದಲ್ಲ. ನನ್ನದು. ಹನ್ನೊಂದೂ ನನ್ನ ರಕ್ತ. ನಾನೇ ಚುಚ್ಚಿಕೊಂಡೆ, ನಿಮ್ಮ ಹೆಸರು ಬರೆದೆ. ನಿಮಗ್ಯಾರಿಗೂ ಏನೂ ಇಲ್ಲ."

"ಜ್ವರ ನೆತ್ತಿಗೇರೈತಿ," ಎಂದಳು ಜಗದಾಂಬ. "ಹಿಡ್ಕಳಿ ಸಾರ್‌ನ. ನೀರು ತಟ್ರಿ." ಯಾರೋ ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿದರು. ಅವನು ಮತ್ತೆ ಹೇಳಿದ. ಮಂಗಳೂರು ಎಂದ, ಬಾಲ್ಕನಿ ಎಂದ, ಕೆರೆ ಏರಿ ಎಂದ, ಹುಚ್ಚರಾಯಪ್ಪ ಎಂದ. ಹೇಳಿದಷ್ಟೂ ಅದು ಬಡಬಡಿಕೆಯಂತೆಯೇ ಕೇಳಿಸುತ್ತಿತ್ತು, ಅವನಿಗೂ ಹಾಗೇ ಕೇಳಿಸಿತು. ಹದಿನಾಲ್ಕು ವರ್ಷ ಸುಳ್ಳು ಹೇಳಿದಾಗ ಸಹಿ ಹಾಕಿ ನಂಬಿದವರೆಲ್ಲ ಈಗ "ಪಾಪ" ಎನ್ನುತ್ತಿದ್ದರು.

ಚಿಕ್ಕಬೀರಪ್ಪ ಮಾತ್ರ ಪಾಪ ಎನ್ನಲಿಲ್ಲ. ಅವನು ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಕಂಬಳಿಯೊಳಗೆ ಕೈ ಹಾಕಿ, ಕಮಲಾಕರನ ಎಡಗೈಯನ್ನು ಹೊರಗೆಳೆದ. ಕುರಿಯ ಗೊರಸು ನೋಡುವವನಂತೆ ಬೆರಳುಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದ. ಉಂಗುರ ಬೆರಳ ತುದಿಯನ್ನು ಹೆಬ್ಬೆರಳಿಂದ ಸವರಿದ, ಆ ಗಟ್ಟಿ ಚರ್ಮವನ್ನು, ಆ ಕಪ್ಪು ಚುಕ್ಕೆಗಳನ್ನು. ತನ್ನ ಕೈಯನ್ನು ಅದರ ಪಕ್ಕಕ್ಕೆ ಇಟ್ಟ. ಹೊಲ, ಹಗ್ಗ, ಕತ್ತರಿಯ ಗುರುತುಗಳಿದ್ದವು. ಸೂಜಿಯದು ಒಂದೂ ಇರಲಿಲ್ಲ. ಕಮಲಾಕರನಿಗೆ ಬೈಗುಳ ಬೇಕಿತ್ತು. ಅದರ ಬದಲು ಮುದುಕ ಕಂಬಳಿಯ ಅಂಚನ್ನು ಅವನ ಕತ್ತಿನ ಸುತ್ತ ಮತ್ತೆ ಸರಿಮಾಡಿದ, ಬೇರೆಲ್ಲೋ ನೋಡುತ್ತ.

"ಎಷ್ಟ್ ವರ್ಷದಿಂದ್ರೀ?" ಎಂದ ಕೊನೆಗೆ.

"ಹದಿನಾಲ್ಕು."

"ಹೂಂ." ಅವನು ತಲೆಯೆತ್ತಿ ದೂರಕ್ಕೆ ಕೂಗಿದ. "ವೀರೇಶಾ! ಕೇಳಿಸ್ತೇನಪ್ಪಾ? ಮೂಗಿಂದು ಬಿಚ್ಚು. ನಮ್ಮ ಕುರಿ ನೀರಿಗೆ ಇಳೀತಾವ. ತಡೆಯೋನು ಇಲ್ಲಿಗೆ ಬಂದು ಸಾಹೇಬ್ರ ಬಾಯಾಗ ಕೇಳ್ಕೊಂಡು ಆಮ್ಯಾಲೆ ತಡೀಲಿ."

ವೀರೇಶ ಕರವಸ್ತ್ರವನ್ನು ಗಲ್ಲಕ್ಕೆ ಇಳಿಸಿದ. ಫೋನಿನಲ್ಲಿ ಡಾಕ್ಟರು ಇನ್ನೂ ಇದ್ದರು. "ಹಲೋ? ಏನಾಗ್ತಿದೆ ಅಲ್ಲಿ? ಫೋಟೋ ಬಂತಾ?" ಎಂದು ಜಗದಾಂಬಳ ಅಂಗೈಯೊಳಗಿಂದ ಕೇಳುತ್ತಿದ್ದರು. ಅವಳು ಪರದೆಯನ್ನೇ ನೋಡುತ್ತ ನಿಂತು, ಕೆಂಪು ಗುಂಡಿಯನ್ನು ಒತ್ತಿದಳು.

"ಇವ್ರ ರಕ್ತ ತಗೋ," ಎಂದ ಚಿಕ್ಕಬೀರಪ್ಪ ಅವಳಿಗೆ. "ಆಮ್ಯಾಲೆ ನಮ್ಮದು ತಗೋ. ಒಂದ್ ಸಲನಾದ್ರೂ."

ಅವಳು ಚೀಲದಿಂದ ಸೂಜಿ, ಹತ್ತಿ, ಗಾಜಿನ ಪಟ್ಟಿ ತೆಗೆದಳು. ಪೆನ್ಸಿಲ್ ಹಿಡಿದು, ಹೆಸರು ಬರೆಯುವ ಮುನ್ನ ಕ್ಷಣ ತಡೆದು, ಅಭ್ಯಾಸಬಲದಿಂದ ಗಾಜಿನ ಅಂಚಿಗೆ ಹನ್ನೆರಡು ಎಂದು ಅಂಕಿ ಹಾಕಿದಳು.

"ಹನ್ನೆರಡಲ್ಲ," ಎಂದ ಕಮಲಾಕರ, ಹಲ್ಲು ಕಡಿಯುತ್ತ. "ಒಂದು ಅಂತ ಬರಿ."

ಅವಳು ಅಳಿಸಿ ಬರೆದಳು. ಉಂಗುರ ಬೆರಳಿಗೆ ಹತ್ತಿ ಒರೆಸಿ ಸೂಜಿ ಚುಚ್ಚಿದಳು. ರಕ್ತ ಬರಲಿಲ್ಲ. ಮತ್ತೊಮ್ಮೆ ಚುಚ್ಚಿದಳು, ಬುಡದಿಂದ ಹಿಂಡಿದಳು. ಅಂದು ಏರಿಯ ಮೇಲೆ ಹನ್ನೊಂದು ತೊಟ್ಟು ಸಲೀಸಾಗಿ ಕೊಟ್ಟಿದ್ದ ಬೆರಳು ಚಳಿಗೆ ಬಿಳಿಚಿ, ಕಟ್ಟಿಗೆಯಾಗಿ, ಅವಳ ಕೈಯಲ್ಲಿ ಸುಮ್ಮನೆ ನಡುಗುತ್ತಿತ್ತು.

"ಬರವಲ್ದು ಸಾರ್."

ಚಿಕ್ಕಬೀರಪ್ಪ ಆ ಬೆರಳನ್ನು ಮೆಲ್ಲಗೆ ಮಡಚಿದ.

"ಬ್ಯಾರೆ ಬೆರಳು ಕೊಡ್ರೀ ಸಾಹೇಬ್ರೆ," ಎಂದ. "ಅದು ನಮ್ಮದು."